ಡೈಸಿಯ ಕಲ್ಲು

ಹುಣಸೂರು
೧೨-೫-೧೯೫೬

ಪ್ರೀತಿಯ ಅಪ್ಪಾಜಿ,

ನೀವು ಲಿಂಗೈಕ್ಯರಾಗಿ ವರ್ಷವಾಯಿತು. ಆದರೂ ಸುದ್ದಿ ಇದ್ದಾಗ ಮೊದಲು ನಿಮಗೇ ಹೇಳಬೇಕೆನಿಸುತ್ತದೆ. ನಮ್ಮ ಡೈಸಿ ಬದುಕಿದಳು!

ಕಾನ್ವೆಂಟಿನ ಸಿಸ್ಟರ್ ಕೊಟ್ಟ ಆ ಗಿನಿಪಿಗ್ಗನ್ನು ಗಂಡನ ಮನೆಗೂ ತಂದಿದ್ದೇನೆ. ಮೂರು ದಿನದಿಂದ ಒಂದಕ್ಕೆ ಮಾಡುವಾಗಲೆಲ್ಲ ಕಿರುಚುತ್ತಿದ್ದಳು. ಇವತ್ತು ರಕ್ತ ಕಂಡಿತು. "ಇಲೀಗೂ ಡಾಕ್ಟ್ರಾ?" ಎಂದು ಅತ್ತೆ ನಕ್ಕರು. ಇವರು ಮಾತ್ರ ಬುಟ್ಟಿಯನ್ನೂ ನನ್ನನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ದನದಾಸ್ಪತ್ರೆಗೆ ಹೊರಟೇಬಿಟ್ಟರು. ಎಂಥ ಒಳ್ಳೆಯ ಗಂಡ, ಅಪ್ಪಾಜಿ!

ಡಾಕ್ಟರ್ ಅಂಕಯ್ಯ ಚಿಮಟದಿಂದ ಕಡಲೆಬೇಳೆಯಷ್ಟು ಕಲ್ಲನ್ನು ಹೊರತೆಗೆದರು. "ಏನ್ ತಿನ್ನುಸ್ತಿದ್ರಿ, ತಾಯಿ?"

ಊಟವಾದ ಮೇಲೆ ಅತ್ತೆ ಮಡಿಸಿಕೊಡುವ ಎಲೆಯಡಿಕೆ ನನಗೆ ಸೇರುವುದಿಲ್ಲ. ಹೊಸ ಸೊಸೆ ಬೇಡವೆನ್ನಬಾರದಲ್ಲ! ಅಡಿಕೆ ಎಸೆದು, ಸುಣ್ಣ ಹಚ್ಚಿದ ಎಲೆಯನ್ನು ದಿನವೂ ಡೈಸಿಗೆ ಕೊಡುತ್ತಿದ್ದೆ. ಅಳುತ್ತಲೇ ಒಪ್ಪಿಕೊಂಡೆ.

"ಇವ್ಳ ಬಾಯಿ ಯಾಕೆ ಕೆಂಪಾಗ್ತಿರ್ಲಿಲ್ಲ ಅಂತ ಈಗ್ ಗೊತ್ತಾಯ್ತು ಬುಡಿ!" ಎಂದು ಇವರು ನಕ್ಕರು.

"ಆ ಸುಣ್ಣಾನೇ ಗಟ್ಟಿಯಾಗಿರ್ಬೌದು. ಇನ್ಮೇಲೆ ಉಲ್ಲು ಆಕಿ, ನೀರು ಕುಡುಸಿ," ಎಂದರು ಡಾಕ್ಟರು. "ಕೂಗ್ಕೊಂಡಿದ್ದಕ್ಕೆ ಉಳ್ಕೊಂತು ಕಣವ್ವ."

ನಿಮ್ಮ ಕಾಯಿಲೆಯೂ ಇಂಥ ಕಲ್ಲೇ ಎಂದು ನಮಗೆ ಗೊತ್ತಾದದ್ದು ಕೊನೆಯ ವಾರದಲ್ಲಿ. ಅದಕ್ಕೂ ಎಷ್ಟೋ ಮೊದಲು, ಒಂದು ಬೆಳಗ್ಗೆ, ಬಾವಿಯ ಬಳಿ ಕಲೆಯಾದ ನಿಮ್ಮ ಪಂಚೆಯನ್ನು ನೀವೇ ಒಗೆದುಕೊಳ್ಳುತ್ತಿದ್ದಿರಿ. ಯಾಕೆಂದು ಕೇಳಿದೆ. "ಏನಿಲ್ಲ, ಉಷ್ಣ ಕಣವ್ವ. ನೀನು ಓದ್ಕೋ ಓಗು," ಎಂದಿರಿ.

ನಾನು ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ಓದಿಕೊಳ್ಳಲು ಹೋದೆ.

ನಿಮ್ಮ
ನೀಲಾ