ನಾನೇ ನೋಡಿ ಮುಚ್ಚೀನಿ

ಮಾರ್ಚ್ ೧೧, ಬುಧವಾರ. ಕಮಲಾಪುರ

ಮೂರು ಸಲ ಎದ್ದು ನೀರು ಕುಡಿದೆ. ನಿದ್ದೆ ಬರದಿರುವುದಕ್ಕೆ ಸೆಕೆ ಕಾರಣವಲ್ಲ, ಆ ಟವೆಲ್.

ಇಂದು ಕಲಬುರಗಿಯ ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ದೊಡ್ಡ ಎಸಿ ಚಾಲೂ ಮಾಡಿದೆವು. ಗಾಳಿ ಹಾಯುವ ತಗಡಿನ ಡಕ್ಟ್ ಜೋಡಿಸಿದ್ದು ನಾನು. ಒಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕೂರಿಸಿದ್ದು ಸೂರ್ಯಕಾಂತ. ಒತ್ತಡ ವಿಪರೀತ ತೋರಿಸಿ ಯಂತ್ರ ಮತ್ತೆ ಮತ್ತೆ ನಿಂತಿತು. ಸೆನ್ಸರ್ ಕೆಡಿಸಿದ್ದಾನೆಂದು ಇಂಜಿನಿಯರ್ ಸೂರ್ಯಕಾಂತನ ಮೇಲೆ ಹರಿಹಾಯ್ದರು.

"ಸೆನ್ಸರ್ ಬರೋಬ್ಬರಿ ಅದರೀ. ಒಳಗ ಗಾಳಿಗಿ ಏನೋ ಅಡ್ಡ ಬಂದದ. ರೇವಣ, ನೀನರ ಹೇಳೋ," ಎಂದ ಅವನು.

"ಡಕ್ಟ್ ಖಾಲಿ ಅದರೀ. ನಾನೇ ನೋಡಿ ಮುಚ್ಚೀನಿ," ಎಂದೆ. ನೋಡಿರಲಿಲ್ಲ. ಯಾಕೆ ಅಷ್ಟು ಜೋರಾಗಿ ಹೇಳಿದೆ?

ನಾಳೆಯಿಂದ ಬರಬೇಡ ಎಂದು ಅವನನ್ನು ಕಳಿಸಿಬಿಟ್ಟರು. ಅವನು ಚೀಲ ಹೆಗಲಿಗೇರಿಸಿ ಇಳಿಯುವಾಗ ನಾನು ಕೆಳಗೆ ಬಿದ್ದ ಸ್ಕ್ರೂ ಆರಿಸುತ್ತಿದ್ದೆ.

ಮನೆಗೆ ಬಂದು ಮುಖ ತೊಳೆದಾಗ ಹೆಂಡತಿ ಮಲ್ಲಿಕಾ, "ನಿಮ್ಮ ಟವೆಲ್ ಎಲ್ಲಿ ಬಿಟ್ಟು ಬಂದ್ರಿ?" ಎಂದಳು. ಕೈ ಅಲ್ಲೇ ನಿಂತಿತು. ನಿನ್ನೆ ಊಟಕ್ಕೆ ಇಳಿಯುವಾಗ ಪಾರಿವಾಳ ಹೊಗಬಾರದೆಂದು ಡಕ್ಟಿನ ಬಾಯಿಗೆ ಟವೆಲ್ ತುರುಕಿದ್ದೆ, ದಿನಾ ತುರುಕುವ ಹಾಗೆ. ದಿನಾ ತೆಗೆಯುತ್ತೇನೆ. ನಿನ್ನೆ ತೆಗೆಯದೆ ಮುಂದಿನ ತುಂಡು ಜೋಡಿಸಿಬಿಟ್ಟೆ.

ರೊಟ್ಟಿ ಅರ್ಧಕ್ಕೇ ಬಿಟ್ಟೆ. ಎದ್ದು ಸೂರ್ಯಕಾಂತನಿಗೆ ಫೋನ್ ಹಚ್ಚಿದೆ.

"ನೀ ಒಬ್ಬನರ ಫೋನ್ ಮಾಡಿದಿ ನೋಡು," ಎಂದ.

ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ.