ಹದಿನೇಳರ ಹೈಬ್ರಿಡ್

ರಾಣೆಬೆನ್ನೂರು
ಶನಿವಾರ, ೧೨ ಏಪ್ರಿಲ್ ೨೦೨೫

ಪ್ರೀತಿಯ ಇವರಿಗೆ,

ರೋಹಿಣಿಯ ನಮಸ್ಕಾರಗಳು. ಮೊದಲು ನಿಮ್ಮ ಆರೋಗ್ಯದ ಮಾತು. ಆ ಗುಜರಾತಿನ ಕ್ಯಾಂಟೀನಿನಲ್ಲಿ ಸಾರಿಗೂ ಸಕ್ಕರೆ ಹಾಕುತ್ತಾರೆ ಎಂದು ಹೇಳಿದ್ದಿರಿ. ಮಾತು ಸಿಹಿಯಾದರೆ ನನಗೇ ಲಾಭ, ರಕ್ತ ಸಿಹಿಯಾಗದಂತೆ ನೋಡಿಕೊಳ್ಳಿ. ಬೆನ್ನುನೋವು ಹೇಗಿದೆ? ಕಾರ್ಖಾನೆಯವರು ಎಂಟು ತಿಂಗಳಿಗೆಂದು ನಿಮ್ಮನ್ನು ಕಳಿಸಿದ್ದು ಯಂತ್ರ ಕೂಡಿಸಲಿಕ್ಕೇ ಹೊರತು ಅದನ್ನು ಹೆಗಲ ಮೇಲೆ ಹೊರಲಿಕ್ಕಲ್ಲ. ಅತ್ತೆಯವರು ಊಟಕ್ಕೆ ಹಚ್ಚಿಕೊಳ್ಳಲೆಂದು ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸಿ, ಕುಮಾರಪಟ್ಟಣದ ನಿಮ್ಮ ಕಾರ್ಖಾನೆಯಿಂದ ಆ ಕಡೆ ಹೊರಟವರ ಕೈಯಲ್ಲಿ ಕಳಿಸುತ್ತೇನೆ. ಇಲ್ಲಿ ಅತ್ತೆ, ಮಾವ ಇಬ್ಬರೂ ಆರಾಮ. ಬಿಸಿಲಿಗೆ ಮಾತ್ರ ಆರಾಮವಿಲ್ಲ, ಬೆಳಗ್ಗೆ ಎಂಟಕ್ಕೇ ಡ್ಯೂಟಿಗೆ ಹಾಜರಾಗುತ್ತಿದೆ.

ಕೈಯಲ್ಲಿ ಫೋನಿರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಿರಬೇಕು. ಲೀಟರಿನ ವಿಷಯ, ಅದಕ್ಕೇ ಲೆಟರು. ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನೀವು "ಟಾಯರಿನ್ಯಾಗ ಗಾಳಿ ನೋಡೀಯೇನು?" ಎಂದು ನಡುವೆ ಬರುತ್ತೀರಿ. ನೋಡಿದ್ದೇನೆ ರೀ. ಹೊಸ ಕಾರಿನ ನಾಲ್ಕು ಟಾಯರುಗಳಲ್ಲೂ ಗಾಳಿ ಸರಿಯಾಗಿದೆ. ಗಾಳಿಮಾತು ಇದ್ದದ್ದು ಶೋರೂಮಿನವರು ಕೊಟ್ಟ ಬಣ್ಣದ ಪುಸ್ತಕದಲ್ಲಿ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕುವಂತಿಲ್ಲ. ಕೊನೆಯ ತನಕ ಓದಲೇಬೇಕು.

ನೆನಪಿದೆಯಲ್ಲ, ನನಗೆ ಹಾವೇರಿಯ ಕಾಲೇಜಿಗೆ ವರ್ಗವಾಗಿ ಮೂರು ವರ್ಷದ ಮೇಲಾಯಿತು. ಮೂರು ವರ್ಷದಿಂದಲೂ ನಾನು ಬೇಡಿದ್ದು ಒಂದೇ: ಹಾವೇರಿಯಲ್ಲಿ ಮನೆ ಮಾಡೋಣ. ದಿನಕ್ಕೆ ಹೋಗಿ ಬರಲು ಎಪ್ಪತ್ತು ಕಿಲೋಮೀಟರು. ಬಸ್ಸಿಗೆ ಕಾದು, ಬಸ್ಸಿನಲ್ಲಿ ನಿಂತು, ಇಳಿದು ಓಡಿ, ಪಾಠ ಮಾಡುವಾಗ ಉಸಿರಿಗಿಂತ ಏದುಸಿರೇ ಹೆಚ್ಚು. ನಾಲ್ಕೂವರೆಯ ಮೇಲೆ ನಮ್ಮ ಹುಡುಗಿಯರು ನಾಟಕದ ತಾಲೀಮು ಶುರುಮಾಡುತ್ತಾರೆ. ಮೂರು ವರ್ಷವೂ ಅವರು ಕರೆದರು, ಮೂರು ವರ್ಷವೂ ನಾನು ಮೊದಲ ದೃಶ್ಯಕ್ಕೇ ಚೀಲ ಹೆಗಲಿಗೇರಿಸಿ ನಿರ್ಗಮಿಸಿದೆ. ಆಗ ನೀವೇನೆಂದಿರಿ? ಲ್ಯಾಪ್‌ಟಾಪಿನಲ್ಲಿ ಲೆಕ್ಕದ ತಖ್ತೆ ಹಾಕಿ ತೋರಿಸಿ, "ಮನಿ ಬದಲಿ ಮಾಡೂದಕ್ಕಿಂತ ಗಾಡಿ ಬದಲಿ ಮಾಡೂದು ಛಲೋ ರೋಹಿಣಿ. ಲೀಟರಿಗೆ ಇಪ್ಪತ್ತೇಳು ಕೊಡತೈತಿ. ನಿನಗ ಹಾವೇರಿ ಅಂದ್ರ ಹಿತ್ತಲ ಇದ್ದಂಗ ಆಗತೈತಿ" ಎಂದಿರಿ. ಆ ಇಪ್ಪತ್ತೇಳರ ಏಟಿಗೆ ನನ್ನ ಹಾವೇರಿಯ ಮನೆ ಬಿದ್ದುಹೋಯಿತು.

ಮಾವನವರನ್ನು ಒಪ್ಪಿಸಲು ನಿಮಗೆ ತಖ್ತೆಯೂ ಬೇಕಾಗಲಿಲ್ಲ. "ಹೈಬ್ರಿಡ್" ಎಂಬ ಒಂದು ಶಬ್ದ ಸಾಕಾಯಿತು. ಮೂವತ್ತು ವರ್ಷ ಬೀಜದ ಪ್ಲಾಟು ಮಾಡಿಸಿದ ಮನುಷ್ಯ, ಟೊಮ್ಯಾಟೊ ಹೂವಿಗೆ ಕೈಯಿಂದ ಕ್ರಾಸಿಂಗ್ ಮಾಡಿಸಿ ಊರೂರಿಗೆ ಬೀಜ ಕೊಟ್ಟವರು. "ಹೈಬ್ರಿಡ್ ಅಂದ ಮ್ಯಾಲೆ ಮುಗೀತು. ಇಳುವರಿ ಕೇಳೂ ಹಂಗ ಇಲ್ಲ. ತಗೋಳೋ ಮೈಲೇಶಿ" ಎಂದು ಒಪ್ಪಿಗೆಯ ಕೈ ಎತ್ತಿಬಿಟ್ಟರು. ಅತ್ತೆಯವರು ಮಾತ್ರ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ತೀರ್ಪು ಕೊಟ್ಟರು: "ಹೈಬ್ರಿಡ್ ಜ್ವಾಳದ ರೊಟ್ಟಿಗೆ ರುಚಿ ಇಲ್ಲ, ಹೈಬ್ರಿಡ್ ಬದನಿಕಾಯಿಗೆ ರುಚಿ ಇಲ್ಲ. ಇನ್ನ ಗಾಡಿಗೆ ಎಲ್ಲಿಂದ ಬರಬೇಕು? ಜವಾರಿ ಗಾಡಿ ಸಿಗಂಗಿಲ್ಲೇನು?" ನಾವು ಮೂವರೂ ನಕ್ಕೆವು. ಆ ನಗೆಯನ್ನು ನಾನು ಈಗ ವಾಪಸು ತೆಗೆದುಕೊಂಡಿದ್ದೇನೆ. ನೀವೂ ತೆಗೆದುಕೊಳ್ಳುವುದು ಒಳ್ಳೆಯದು.

ಬಂಕಿನಲ್ಲಿ ಕತ್ತಿನ ತನಕ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಕತ್ತಿನ ತನಕ ತುಂಬಿಸಿ ನೋಡಿದೆ. ಮೊದಲ ಸಲ ಹದಿನೇಳು. ಹೊಸ ಗಾಡಿ, ನಾಚಿಕೆ ಇರಬಹುದು ಎಂದುಕೊಂಡೆ. ಎರಡನೆಯ ಸಲ ಹದಿನೇಳು. ಮೂರನೆಯ ಸಲವೂ ಹದಿನೇಳು. ಹದಿನೇಳು ಹುಡುಗಿಯರಿಗೆ ಚೆಂದದ ವಯಸ್ಸು ರೀ, ಕಾರಿಗಲ್ಲ. ನೀವು ಹಟ ಹಿಡಿದು ಕೆಂಪು ಬಣ್ಣದ್ದನ್ನೇ ಆರಿಸಿದಾಗಲೇ ನನಗೆ ಗೊತ್ತಾಗಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿಯ ಗುಣ: ಬಣ್ಣ ಜಾಸ್ತಿ, ಖಾರ ಕಡಿಮೆ. ಇದು ಕಾರು, ಅಷ್ಟೇ ವ್ಯತ್ಯಾಸ. 'ಇಕೋ' ಎಂಬ ಗುಂಡಿ ಒತ್ತಿದೆ. "ಇಕೋ, ತಗೋ" ಎಂದು ಏನಾದರೂ ಕೊಟ್ಟೀತೆಂದು ನಂಬಿದ್ದೆ. ಕೊಡಲಿಲ್ಲ. ಏಕೋ ಏನೋ. ಜಾಣತನದಿಂದ ಓಡಿಸಿದರೆ ಪರದೆಯ ಮೇಲೆ ಒಂದು ಹಸಿರು ಗಿಡ ಎಲೆ ಬಿಡುತ್ತ ಹೋಗುತ್ತದಲ್ಲ, ಅದನ್ನು ಮಾವನವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ ಹೇಳಿದರು: "ಎಲಿ ರಗಡ ಬಿಟ್ಟೈತಿ, ಕಾಯಿ ಹಿಡದಿಲ್ಲ. ಯೂರಿಯಾ ಜಾಸ್ತಿ ಆಗೈತಿ ಇದಕ್ಕ."

ಒಂದು ವಾರ ಪ್ರಯೋಗ ಮಾಡಿದೆ. ಹೆದ್ದಾರಿಯಲ್ಲಿ ನಲವತ್ತರ ಮೇಲೆ ಹೋಗಲಿಲ್ಲ, ಎ.ಸಿ. ಹಚ್ಚಲಿಲ್ಲ. ಕಬ್ಬಿನ ಟ್ರ್ಯಾಕ್ಟರು ನನ್ನನ್ನು ಹಿಂದೆ ಹಾಕಿತು, ಅದರ ಚಾಲಕ ಹೊರಳಿ ನೋಡಿ ಕರುಣೆಯಿಂದ ಕೈ ಬೀಸಿ ಹೋದ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ನಮ್ಮ ಉರ್ದು ವಿಭಾಗದ ನಜ್ಮಾ ಹತ್ತುತ್ತಾಳಲ್ಲ, ಬ್ಯಾಡಗಿಯವಳು, ಅವಳು ಎರಡು ದಿನ ತಡೆದುಕೊಂಡಳು. ಮೂರನೆಯ ದಿನ, "ರೋಹಿಣಿ ಮೇಡಂ, ನಾ ಇಳದು ಮುಂದ ನಡಕೋತ ಹೋಗಿರತೇನಿ, ನೀವು ಸಾವಕಾಶ ಬರ್ರಿ" ಅಂದಳು. ಕಿಟಕಿ ತೆರೆದದ್ದೇ ತಪ್ಪಾಯಿತು. ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ತುಂಬಿಕೊಂಡು ಹೊರಟ ಲಾರಿಯ ಹಿಂದೆ ಸಿಕ್ಕಿ, ಇಬ್ಬರೂ ಹಾವೇರಿಯ ತನಕ ಸೀನಿದೆವು. ಇಷ್ಟು ತಪಸ್ಸಿಗೆ ಬಂದದ್ದು ಹತ್ತೊಂಬತ್ತು. ಜೊತೆಗೆ ಮೊದಲ ಪೀರಿಯಡ್ಡಿಗೆ ತಡವಾಗಿ ಬಂದದ್ದಕ್ಕೆ ಪ್ರಿನ್ಸಿಪಾಲರ ನೋಟೀಸು.

ಸಿಟ್ಟು ಬಂದು ಶೋರೂಮಿಗೆ ಫೋನು ಮಾಡಿ ಕೂಗಾಡಿದೆ. ಅಡುಗೆಮನೆಯಲ್ಲಿದ್ದ ಅತ್ತೆಯವರ ಕಿವಿಗೆ ನನ್ನ ಮಾತಿನ ತುದಿ ಮಾತ್ರ ಬಿದ್ದಿದೆ: "ಮೈಲೇಜ್ ಬರಾಕತ್ತಿಲ್ಲ ಅಂದ್ರ ಬರಾಕತ್ತಿಲ್ಲರೀ! ನಿಮ್ಮ ಮಾತು ನಂಬಿ ನಾ ಕುಂತೇನಿ!" ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು, ಮುಖ ಬೆಳ್ಳಗಾಗಿತ್ತು. "ಯಾಕವ್ವ, ಮೈಲೇಶಿ ಯಾಕ ಬರಂಗಿಲ್ಲಂತ? ಅಲ್ಲೇ ಇಟಗೊಂಡ್ರೇನು ಅವನ್ನ?" ಎಂದು ಅಳತೊಡಗಿದರು. ಮೈಲೇಶ ಅಲ್ಲ, ಮೈಲೇಜು ಎಂದು ತಿಳಿಸಿ ಹೇಳುವಷ್ಟರಲ್ಲಿ ಓಣಿಯ ಅರ್ಧ ಮಂದಿ ಬಾಗಿಲಲ್ಲಿದ್ದರು. ಆಮೇಲೆ ನನಗೇ ಬೈಗುಳ: "ಗಂಡನ ಹೆಸರು ಹಿಡದು ಫೋನಿನ್ಯಾಗ ಒದರತಾರೇನು? ಬ್ಯಾರೆ ಏನರ ಅನ್ನು ಅದಕ್ಕ." ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು 'ಇಳುವರಿ'. ನಿಜ ಹೇಳಬೇಕೆಂದರೆ ಅತ್ತೆಯವರದ್ದು ತಪ್ಪು ಕೇಳಿಸಿದ್ದೂ ಅಲ್ಲ. ಮನೆಯಲ್ಲಿ ಮೈಲೇಶರಿಲ್ಲ, ಕಾರಿನಲ್ಲಿ ಮೈಲೇಜಿಲ್ಲ, ನನ್ನ ಪಾಲಿಗೆ ಎರಡೂ ಬರಿಯ ಮಾತು ಕೊಟ್ಟು ಹೋದವೇ.

ಕೊನೆಗೆ ಗಾಡಿಯನ್ನೇ ತೆಗೆದುಕೊಂಡು ಹೋದೆ. ಅಲ್ಲಿ ಸರ್ವಿಸ್ ನೋಡುವವನು ಅಬ್ರಾರ, ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿ. ಹಳೆಗನ್ನಡದಲ್ಲಿ ಮೂವತ್ತೈದು ಕೊಟ್ಟು ಅವನನ್ನು ದಡ ಸೇರಿಸಿದವಳು ನಾನೇ. ಇಪ್ಪತ್ತೇಳು ಎಲ್ಲಪ್ಪಾ ಎಂದರೆ, "ಮೇಡಂ, ಸಿಟ್ಟಾಗಬ್ಯಾಡ್ರಿ. ಅದು ಕಂಪನಿಯವರು ತಮಗ ತಾವ ಹಾಕ್ಕೊಂಡಿದ್ದು, ಇಂಟರ್ನಲ್ ಮಾರ್ಕ್ಸ್ ಇದ್ದಂಗ. ರಸ್ತಾದ ಮ್ಯಾಲೆ ಬರೂದು ಥಿಯರಿ ಪೇಪರ್" ಎಂದ. ಹಳೆಗನ್ನಡ ಬಾರದಿದ್ದರೂ ಉಪಮೆ ಬರುತ್ತದೆ ಹುಡುಗನಿಗೆ. ಆಮೇಲೆ ಗಾಡಿಗೆ ವಾಯರು ಚುಚ್ಚಿ, ಕಂಪ್ಯೂಟರು ನೋಡಿ, ತಲೆ ಕೆರೆದುಕೊಂಡ. "ಮೇಡಂ, ಇದು ದಿನಾ ಸಂಜಿಮುಂದ ನಿಂತಲ್ಲೇ ಒಂದೊಂದೂವರಿ ತಾಸು ಚಾಲೂ ಇರತೈತಲ್ರಿ?" ನಾನು ಇಲ್ಲವೆಂದು ಆಣೆ ಮಾಡಿದೆ. ಮರುದಿನ ಕಾಲೇಜಿನಿಂದ ಬಂದು, ಚಹಾ ಕುಡಿದು, ಹೊರಗೆ ಬಂದು ನೋಡುತ್ತೇನೆ: ಕರೆಂಟು ಹೋಗಿದೆ. ಅಂಗಳದಲ್ಲಿ ಕಾರಿನ ಗಾಜೆಲ್ಲ ಮುಚ್ಚಿದೆ. ಒಳಗೆ ಮುಂದಿನ ಸೀಟಿನಲ್ಲಿ ನಿಮ್ಮ ಅಪ್ಪ ತಿರಕಪ್ಪನವರು, ಪಕ್ಕದಲ್ಲಿ ಅವರ ಕಟ್ಟೆಯ ಗೆಳೆಯ ಇಸ್ಮಾಯಿಲಸಾಬರು, ಹಿಂದೆ ಇಬ್ಬರು ಬೀಜದ ಏಜೆಂಟರು. ಎ.ಸಿ. ತಣ್ಣಗೆ ಬೀಸುತ್ತಿದೆ, ಶೇಂಗಾ ಸಿಪ್ಪೆ ಕಾಲಡಿ ಬಿದ್ದಿದೆ, ಹತ್ತಿಯ ರೇಟಿನ ಮೇಲೆ ಚರ್ಚೆ ನಡೆದಿದೆ. ಸಂಜೆ ಹರಟೆಯ ಕಟ್ಟೆಯೇ ಕಾರಿಗೆ ಬಂದಿದೆ! ಗಾಜು ಬಡಿದೆ. ಮಾವನವರು ಇಳಿಸಿ, "ಹೈಬ್ರಿಡ್ ಗಾಡಿ ನಿಂತಾಗ ಎಣ್ಣಿ ಕುಡಿಯಂಗಿಲ್ಲವ್ವ, ಬ್ಯಾಟರಿ ಮ್ಯಾಲೆ ಇರತೈತಿ. ಮೈಲೇಶಿನ ಹೇಳ್ಯಾನ" ಎಂದರು. ಅಷ್ಟರಲ್ಲಿ ಬ್ಯಾಟರಿ ಬಸಿದು ಎಂಜಿನ್ನು ತಾನಾಗಿ ಗುರ್ ಎಂದು ಎದ್ದಿತು. ಇಸ್ಮಾಯಿಲಸಾಬರು ಮೊದಲು ಇಳಿದರು. "ತಿರಕಪ್ಪ, ಕುಡದಿದ್ದು ಬಾಯಿ ಬಿಟ್ಟ ಹೇಳತಲ್ಲೋ ಇದು!"

ಕಟ್ಟೆಯನ್ನು ಕಟ್ಟೆಗೆ ಕಳಿಸಿದೆ. ಈಗ ನಿಮ್ಮ ಮನಸ್ಸಿನಲ್ಲಿ ಬಂದದ್ದು ನನಗೆ ಗೊತ್ತು: ನೋಡಿದೆಯಾ, ತಪ್ಪು ಗಾಡಿಯದಲ್ಲ, ಅಪ್ಪನದು. ತಡೆಯಿರಿ. ಮುಂದಿನ ಸಲ ತುಂಬಿಸಿದಾಗ ಬಂದದ್ದು ಹದಿನೆಂಟು. ಹದಿನೇಳಕ್ಕೆ ಒಂದು ಹುಟ್ಟುಹಬ್ಬವಾಯಿತು, ಅಷ್ಟೇ.

ಮತ್ತೆ ಹೋಗಿ ಅಬ್ರಾರನ ಮೇಜಿನ ಮುಂದೆ ಕುಳಿತೆ. ಎದ್ದು ಹೋಗುವ ಲಕ್ಷಣ ಕಾಣದೆ ಅವನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ: "ಖರೇ ಹೇಳಲೇನ್ರಿ ಮೇಡಂ? ಈ ಗಾಡಿ ನಿಂತು ನಿಂತು ಹೋಗೋರಿಗೆ ಮಾಡಿದ್ದು. ಬ್ರೇಕ್ ಒತ್ತಿದ್ರ ಕರೆಂಟ್ ಹುಟ್ಟತೈತಿ, ಆ ಕರೆಂಟಿನ ಮ್ಯಾಲೆ ಪುಕ್ಕಟ ಓಡತೈತಿ. ನೀವು ನೋಡಿದ್ರ ರಾಣೆಬೆನ್ನೂರಾಗ ಬಿಟ್ಟು ಹಾವೇರ್ಯಾಗ ಒಮ್ಮೆ ಬ್ರೇಕ್ ಹಾಕತೀರಿ. ನೂರರ ಮ್ಯಾಲೆ ಬರೇ ಎಂಜಿನ್ನ ದುಡೀಬೇಕು, ಬ್ಯಾಟರಿ ಬರೇ ಹೊರೂ ವಜ್ಜಿ." ಎಂಥ ಮಾತು ನೋಡಿ. ಬದುಕಿನಲ್ಲಿ ನನಗೆ ಒಂದೂ ಬ್ರೇಕು ಸಿಗಲಿಲ್ಲ ಎಂದು ನಾನು ಕೊರಗುತ್ತಿದ್ದೆ, ನನ್ನ ಕಾರಿನ ಕೊರಗೂ ಅದೇ! ನಂಬದೆ ಪರೀಕ್ಷೆ ಮಾಡಿದೆ. ಈ ವಾರ ಎರಡು ಸಂಜೆ ಹಾವೇರಿಯ ಒಳಗೇ ಓಡಾಡಿಸಿದೆ. ಬಸ್ ಸ್ಟ್ಯಾಂಡು, ಸ್ಟೇಶನ್ನು, ಸಂತೆಯ ಸಂದಿ. ಎದುರಿಗೆ ಎಮ್ಮೆ, ಆಟೋ, ನಡುರಸ್ತೆಯಲ್ಲಿ ನಿಂತು ಮದುವೆಯ ಮಾತು ಆಡುವ ಬೀಗರು. ಒತ್ತಿದ್ದೇ ಬ್ರೇಕು. ಪರದೆಯ ಮೇಲೆ ಇಪ್ಪತ್ನಾಲ್ಕು!

ಖುಷಿಯಾಗಬೇಕಿತ್ತು. ಕಾರು ನಿಲ್ಲಿಸಿಕೊಂಡು ಅತ್ತುಬಿಟ್ಟೆ, ಸಿಟ್ಟಿನಿಂದ. ಮೂರು ವರ್ಷ ಬಸ್ಸು, ಮೇಲೆ ಐದು ತಿಂಗಳು ಈ ಹೆದ್ದಾರಿ. ನನ್ನ ಸಂಜೆಗಳನ್ನೆಲ್ಲ ಒಂದು ತಖ್ತೆಯ ಮೇಲೆ ಅಡವಿಟ್ಟು, ಆ ತಖ್ತೆಯೇ ತಪ್ಪು! ಯಂತ್ರ ಬಲ್ಲವರು ನೀವು, ಇಷ್ಟು ನಿಮಗೆ ತಿಳಿಯದೆ ಹೋಯಿತೇ ಎಂದು ಕೇಳುವುದಿಲ್ಲ. ತಿಳಿದಿದ್ದೂ ಸುಮ್ಮನಿದ್ದಿರೇ ಎಂದು ಕೇಳಬೇಕೆನ್ನಿಸಿತು. ಆಮೇಲೆ ಅದನ್ನೂ ಬಿಟ್ಟೆ. ಅಪ್ಪ ಅವ್ವನನ್ನು ಬಿಟ್ಟು ಹೋಗಲು ನಿಮಗೆ ಮನಸ್ಸಿರಲಿಲ್ಲ, ಹಾಗೆನ್ನಲು ಬಾಯಿ ಬರಲಿಲ್ಲ, ಇಪ್ಪತ್ತೇಳು ಎಂದಿರಿ. ನೇರ ಹೇಳಿದ್ದರೆ ಆ ಮಾತನ್ನು ಅವರ ಮುಂದೆಯೇ ಇಟ್ಟು ಕೇಳಬಹುದಿತ್ತು. ಮೂರು ವರ್ಷದಲ್ಲಿ ಅವರಿಬ್ಬರನ್ನು ಕೇಳಿದವರೇ ಇಲ್ಲ ನೋಡಿ, ನೀವೂ ಇಲ್ಲ, ನಾನೂ ಇಲ್ಲ.

ಕಾರು ಸರಿಯಿದೆ. ಅದರ ವಿಳಾಸ ತಪ್ಪಿದೆ. ಇದಕ್ಕಿಂತ ಹೆಚ್ಚು ಬರೆದರೆ ಜಗಳವಾದೀತು, ಜಗಳವನ್ನು ಎದುರಿಗೆ ಆಡುವುದೇ ಚೆಂದ. ನೀರು ಹೆಚ್ಚು ಕುಡಿಯಿರಿ, ಬಿಸಿಲಲ್ಲಿ ಟೊಪ್ಪಿಗೆ ಇಲ್ಲದೆ ತಿರುಗಬೇಡಿ. ಅತ್ತೆ ಮಾವನವರ ಆಶೀರ್ವಾದ, ಇಸ್ಮಾಯಿಲಸಾಬರ ಸಲಾಮು, ನಜ್ಮಾಳ ಒಂದು ಸೀನು ಇದರೊಂದಿಗೆ ಕಳಿಸಿದ್ದೇನೆ.

ನಿಮ್ಮ, ಸಿಟ್ಟಿನಲ್ಲೂ ನಿಮ್ಮವಳೇ ಆದ
ರೋಹಿಣಿ

ತಾ.ಕ.: ಇವತ್ತು ಮಂಗಳವಾರ, ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನು ಬರೆದ ಶನಿವಾರ ರಾತ್ರಿಯೇ ಊಟಕ್ಕೆ ಕುಳಿತಾಗ ಅವರಿಬ್ಬರನ್ನೂ ಕೇಳಿಯೇಬಿಟ್ಟೆ. ಅತ್ತೆಯವರು ತುತ್ತು ಕೆಳಗಿಡದೆ, "ಹಾವೇರ್ಯಾಗ ಮನಿ ಮಾಡಿದ್ರ ಅಗಡಿ ಎಷ್ಟ ದೂರ? ನಮ್ಮ ಅಣ್ಣನ ಮನಿಗೆ ದಿನಾ ಹೋಗಿ ಬರಬಹುದು. ಮೂರು ವರ್ಷ ಬಾಯಾಗ ಏನ ಇಟಗೊಂಡಿದ್ದಿ?" ಎಂದು ನನಗೇ ಬೈದರು. ಮಾವನವರು ರೈಲಿನ ಪಾಸು ತೆಗೆಸುತ್ತಾರಂತೆ, ಬೆಳಗ್ಗೆ ಇಲ್ಲಿಯ ಬೀಜದ ಆಫೀಸಿಗೆ ಬಂದು ಸಂಜೆಗೆ ಮರಳುತ್ತಾರಂತೆ. "ರೈಲಿನ್ಯಾಗ ಮಂದಿನೂ ರಗಡ, ಗಾಳಿನೂ ರಗಡ" ಎಂದರು. ನಿನ್ನೆ ಹೋಗಿ ಕಾಲೇಜಿನ ಹಿಂದಿನ ಓಣಿಯಲ್ಲಿ ಮನೆ ಗೊತ್ತುಮಾಡಿದ್ದೇನೆ, ಬಸವ ಜಯಂತಿಯ ದಿನ ಹಾಲು ಉಕ್ಕಿಸುತ್ತೇವೆ. ಜೂನಿನಲ್ಲಿ ಬರುವಾಗ ರಾಣೆಬೆನ್ನೂರಿಗೆ ಟಿಕೀಟು ತೆಗೆಸಬೇಡಿ. ಹಾವೇರಿಯಲ್ಲೇ ಇಳಿಯಿರಿ. ಸಂಜೆಯ ಗಾಡಿಗೆ ಬಂದರೆ ಕರೆದೊಯ್ಯಲು ನಾನು ಬರುವುದಿಲ್ಲ, ತಾಲೀಮು ಇರುತ್ತದೆ. ಬೀಗದ ಕೈ ಅತ್ತೆಯವರ ಹತ್ತಿರ.