ಒರೆಸದೆ ಬಿಟ್ಟ ಕೆಮ್ಮಣ್ಣು

೧೪ ನವೆಂಬರ್, ಶುಕ್ರವಾರ. ದೇವದುರ್ಗ.

ಅರಕೇರಾದ ಬಸವಂತಮ್ಮನ ಬಲಗಣ್ಣಿನ ದೃಷ್ಟಿ ಪೂರ್ತಿ ಮರಳುವುದಿಲ್ಲವಂತೆ. ಈಗ ಅವಳನ್ನು ನೋಡುತ್ತಿರುವ ರಾಯಚೂರಿನ ಕಣ್ಣಿನ ಡಾಕ್ಟರು ಸಂಜೆ ಫೋನ್ ಮಾಡಿದ್ದರು.

ಹತ್ತು ದಿನದ ಹಿಂದೆ ನನ್ನ ಬಳಿ ಬಂದಾಗ ಹಣೆಗೂ ಮೂಗಿಗೂ ಕೆಮ್ಮಣ್ಣು ಮೆತ್ತಿಕೊಂಡಿದ್ದಳು. “ಸರ್ಪಸುತ್ತು ಆಗ್ಯದ್ರೀ, ಉರಿ ತಾಳಾಕ ಆಗವಲ್ದು,” ಅಂದಳು. ಹಣೆಯನ್ನಷ್ಟೇ ಒರೆಸಿ ನೋಡಿದೆ. ಹರ್ಪಿಸ್ ಎಂದು ಸರಿಯಾಗಿಯೇ ಗುರುತಿಸಿ ಮಾತ್ರೆ ಬರೆದೆ. ಮೂಗಿನ ತುದಿಯಲ್ಲೂ ಗುಳ್ಳೆಯಿದ್ದರೆ ಕಣ್ಣಿಗೆ ಅಪಾಯ, ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಇದು ನನಗೆ ಗೊತ್ತಿತ್ತು. ಹೊರಗೆ ಸಾಲು ಉದ್ದವಿತ್ತು, ಮೂಗನ್ನು ಒರೆಸಲಿಲ್ಲ. ಆ ಮಣ್ಣಿನಡಿಯಲ್ಲಿ ಗುಳ್ಳೆಯಿತ್ತು.

ಈಗಷ್ಟೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ತಪ್ಪು ನಂದ, ಯವ್ವಾ.”



“ಅಳಬ್ಯಾಡ್ರೀ ಡಾಕ್ಟರಮ್ಮ. ಇನ್ನೊಂದು ಕಣ್ಣು ಅದಲ್ರೀ.”

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ.